ಬಿರುಕು ಮುಚ್ಚಿದರೆ ಕೆಲಸ ಮುಗಿಯಿತೇ?

ಬಿರುಕು ಬಿಟ್ಟರೆ ತಾನಾಗಿಯೇ ಮಾಯುವ ಲೇಪನ ಬಂದಿದೆ, ಇನ್ನು ಜೆಟ್ ಎಂಜಿನ್ನಿನ ಬಿಸಿ ಭಾಗಗಳಿಗೆ ಸವೆತದ ಭಯವಿಲ್ಲ, ಪದೇ ಪದೇ ಬಿಚ್ಚಿ ನೋಡುವ ಖರ್ಚೂ ತಪ್ಪುತ್ತದೆ ಎಂಬ ನಂಬಿಕೆ ಈಚಿನ ವರ್ಷಗಳಲ್ಲಿ ಬೇರು ಬಿಡುತ್ತಿದೆ. ವಿಜ್ಞಾನದ ಅಂಕಣಗಳಲ್ಲಿ ಇದನ್ನು ಓದುತ್ತೇವೆ, ಎಂಜಿನಿಯರಿಂಗ್ ಕಾಲೇಜಿನ ಸೆಮಿನಾರುಗಳಲ್ಲಿ ಕೇಳುತ್ತೇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಮೆಕ್ಯಾನಿಕಲ್ ಓದುವ ನಮ್ಮ ಮಕ್ಕಳು ತಮ್ಮ ಪ್ರಾಜೆಕ್ಟ್ ವರದಿಯ ಪೀಠಿಕೆಯಲ್ಲಿ ಇದನ್ನು ಸಿದ್ಧಸತ್ಯದಂತೆ ಬರೆಯುವ ಸಂಭವವಿದೆ. ನಂಬಿಕೆ ಪೂರಾ ಸುಳ್ಳಾಗಿದ್ದರೆ ಬಿಡಿಸುವುದು ಸುಲಭವಿತ್ತು. ಆದರೆ ಇದರಲ್ಲಿ ಮೂರು ಬೇರೆ ಬೇರೆ ಮಾತುಗಳು ಹೆಣೆದುಕೊಂಡಿವೆ. ಬಿರುಕು ತಾನಾಗಿ ಮುಚ್ಚುತ್ತದೆ ಎನ್ನುವುದು ಒಂದು. ಮುಚ್ಚಿದ ಜಾಗ ಮೊದಲಿನಂತೆಯೇ ಆಗುತ್ತದೆ ಎನ್ನುವುದು ಎರಡು. ಆದ್ದರಿಂದ ಕಾವಲು ಸಡಿಲಿಸಬಹುದು ಎನ್ನುವುದು ಮೂರು. ಮೊದಲನೆಯದು ಪ್ರಯೋಗದಿಂದ ಸಿದ್ಧವಾದದ್ದು, ಎರಡನೆಯದು ಬಿಗಿಯಾದ ಷರತ್ತುಗಳ ಮೇಲೆ ಮಾತ್ರ ನಿಜ, ಮೂರನೆಯದು ತಪ್ಪು. ಮೊದಲನೆಯದರ ಸಾಕ್ಷ್ಯವನ್ನು ತೋರಿಸಿ ಮೂರನೆಯದನ್ನು ಒಪ್ಪಿಸಿಬಿಡುವುದೇ ಇಲ್ಲಿನ ಗೊಂದಲ.

ಮೊದಲ ಮಾತಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸೋಣ. ಜಪಾನಿನ ಯೋಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಕೊತೋಜಿ ಆಂಡೊ ಮತ್ತು ಅವರ ಸಂಗಡಿಗರು 1990ರ ದಶಕದಿಂದ ಮಾಡಿದ ಪ್ರಯೋಗಗಳು ಈ ಕ್ಷೇತ್ರಕ್ಕೆ ಅಡಿಪಾಯ. ಸಿಲಿಕಾನ್ ನೈಟ್ರೈಡ್, ಅಲ್ಯುಮಿನಾ, ಮುಲೈಟ್‌ನಂಥ ಸೆರಾಮಿಕ್‌ಗಳಲ್ಲಿ ಅವರು ಸಿಲಿಕಾನ್ ಕಾರ್ಬೈಡಿನ ನುಣ್ಣನೆಯ ಕಣಗಳನ್ನು ಬೆರೆಸಿದರು. ಬೇಕೆಂದೇ ಮೇಲ್ಮೈಯಲ್ಲಿ ಸುಮಾರು 100 ಮೈಕ್ರಾನ್ ಉದ್ದದ ಬಿರುಕು ಮೂಡಿಸಿ, ಗಾಳಿಯಲ್ಲಿ 1300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟರು. ಬಿರುಕಿನೊಳಕ್ಕೆ ನುಗ್ಗಿದ ಆಮ್ಲಜನಕ ಆ ಕಣಗಳನ್ನು ಸಿಲಿಕಾ ಆಗಿಸಿತು, ಸಿಲಿಕಾ ಉಬ್ಬಿ ಬಿರುಕನ್ನು ತುಂಬಿತು, ತುಂಡು ತನ್ನ ಬಲವನ್ನು ಮರಳಿ ಪಡೆಯಿತು. ಬಗ್ಗಿಸಿ ಮುರಿದಾಗ ಅದು ಮಾಯ್ದ ಜಾಗದಲ್ಲಿ ಮುರಿಯದೆ ಬೇರೆ ಕಡೆ ಮುರಿದದ್ದೂ ಉಂಟು. 2017ರಲ್ಲಿ ಜಪಾನಿನದೇ ಇನ್ನೊಂದು ತಂಡ ಅಲ್ಯುಮಿನಾ–ಸಿಲಿಕಾನ್ ಕಾರ್ಬೈಡ್ ಮಿಶ್ರಣಕ್ಕೆ ಅತ್ಯಲ್ಪ ಮ್ಯಾಂಗನೀಸ್ ಆಕ್ಸೈಡ್ ಸೇರಿಸಿ, 1000 ಡಿಗ್ರಿಯಲ್ಲಿ ಒಂದೇ ನಿಮಿಷದಲ್ಲಿ ಬಿರುಕು ಮಾಯುವಂತೆ ಮಾಡಿತು. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಲಿಬ್ಡಿನಮ್ ಸಿಲಿಸೈಡಿನ ಕಣಗಳಿಗೆ ಅಲ್ಯುಮಿನಾದ ಚಿಪ್ಪು ತೊಡಿಸಿ ಜಿರ್ಕೋನಿಯಾ ಲೇಪನದೊಳಗೆ ಹುದುಗಿಸಿದರು. ಬಿರುಕು ಬಂದು ಚಿಪ್ಪು ಒಡೆದಾಗಲೇ ಒಳಗಿನ ಔಷಧ ಕೆಲಸ ಶುರು ಮಾಡಬೇಕು ಎಂಬುದು ಆ ಯೋಜನೆ. ಇವೆಲ್ಲ ಗಟ್ಟಿ ಕೆಲಸ. ಇದನ್ನು ಅಲ್ಲಗಳೆಯುವ ಉದ್ದೇಶ ನನ್ನದಲ್ಲ.

ಈಗ ಯಾವ ಟರ್ಬೈನು, ಎಂಥ ಶಾಖ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬಿನ ಸಿಪ್ಪೆ ಉರಿಸಿ ತಿರುಗಿಸುವ ಹಬೆ ಟರ್ಬೈನಿನ ಶಾಖ ಸಾಮಾನ್ಯವಾಗಿ 500 ಡಿಗ್ರಿಯ ಸುತ್ತಮುತ್ತ. ಅಲ್ಲಿ ಉಕ್ಕೇ ಸಾಕು. ಗ್ಯಾಸ್ ಟರ್ಬೈನಿನ ಕಥೆ ಬೇರೆ. ಅದರಲ್ಲಿ ಉರಿದ ಅನಿಲವೇ ನೇರ ಬ್ಲೇಡುಗಳ ಮೇಲೆ ಬೀಳುತ್ತದೆ, ಇಂದಿನ ಎಂಜಿನ್ನುಗಳಲ್ಲಿ ಆ ಅನಿಲ 1500 ಡಿಗ್ರಿಯನ್ನೂ ದಾಟುತ್ತದೆ. ಬ್ಲೇಡಿನ ನಿಕ್ಕಲ್ ಮಿಶ್ರಲೋಹ ಕರಗುವುದೇ 1350 ಡಿಗ್ರಿಯ ಹತ್ತಿರ. ಒಳಗೆ ತಂಪು ಗಾಳಿ ಹಾಯಿಸಿ, ಹೊರಗೆ ಜಿರ್ಕೋನಿಯಾದ ಶಾಖತಡೆ ಲೇಪನ ಹಚ್ಚಿ, ಲೋಹವನ್ನು ಬದುಕಿಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ 1989ರಲ್ಲಿ ಮಂಜೂರಾದ ಕಾವೇರಿ ಜೆಟ್ ಎಂಜಿನ್ನಿಗಾಗಿ ಎದುರಿಸಿದ ಕಷ್ಟಗಳಲ್ಲಿ ಈ ಬಿಸಿ ಭಾಗದ ಕಷ್ಟವೂ ಒಂದು. ಹಾಗಾಗಿ ಇದು ದೂರದ ದೇಶದ ಚರ್ಚೆಯಲ್ಲ. ಲೋಹದ ಮಿತಿ ಮುಟ್ಟಿದ ಮೇಲೆ ಬಂದದ್ದು ಸಿಲಿಕಾನ್ ಕಾರ್ಬೈಡಿನ ಎಳೆಗಳನ್ನು ಸಿಲಿಕಾನ್ ಕಾರ್ಬೈಡಿನಲ್ಲೇ ಹುದುಗಿಸಿದ ಸೆರಾಮಿಕ್. ತೂಕ ನಿಕ್ಕಲ್ ಲೋಹದ ಮೂರನೇ ಒಂದು ಪಾಲು. 2016ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಲೀಪ್ ಎಂಜಿನ್ನಿನಲ್ಲಿ ಇದು ಬ್ಲೇಡುಗಳನ್ನು ಸುತ್ತುವರಿದ ಸ್ಥಿರ ಕವಚವಾಗಿದೆ. ಬೆಂಗಳೂರಿನಿಂದ ಹಾರುವ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ರೆಕ್ಕೆಯಡಿ ಇರುವುದು ಇದೇ ಎಂಜಿನ್ನು.

ಇಲ್ಲಿ ಎರಡು ಜಾತಿಯ ಲೇಪನಗಳಿವೆ. ಗೊಂದಲದ ಮೊದಲ ಗಂಟು ಇರುವುದು ಇವೆರಡನ್ನೂ ಒಂದೇ ಎಂದು ಭಾವಿಸುವುದರಲ್ಲಿ. ಲೋಹದ ಬ್ಲೇಡಿನ ಮೇಲಿನ ಶಾಖತಡೆ ಲೇಪನದ ಕೆಲಸ ಶಾಖವನ್ನು ತಡೆಯುವುದು. ಆಮ್ಲಜನಕವನ್ನು ತಡೆಯುವ ಕೆಲಸ ಅದರದಲ್ಲ. ಜಿರ್ಕೋನಿಯಾದ ಮೂಲಕ ಆಮ್ಲಜನಕ ಸಲೀಸಾಗಿ ಹಾಯುತ್ತದೆ. ಲೋಹ ಹೆಚ್ಚು ಹಿಗ್ಗುತ್ತದೆ, ಜಿರ್ಕೋನಿಯಾ ಅಷ್ಟು ಹಿಗ್ಗುವುದಿಲ್ಲ. ಈ ವ್ಯತ್ಯಾಸವನ್ನು ತಾಳಿಕೊಳ್ಳಲೆಂದೇ ಆ ಲೇಪನವನ್ನು ಒತ್ತೊತ್ತಾಗಿ ನಿಂತ ಕಂಬಗಳಂತೆ, ನಡುವೆ ಸಂದು ಬಿಟ್ಟು ಬೆಳೆಸುತ್ತಾರೆ, ಇಲ್ಲವೇ ಉದ್ದಕ್ಕೆ ಬಿರುಕು ಇರುವಂತೆ ಸಿಂಪಡಿಸುತ್ತಾರೆ. ಅಂದರೆ ಇಲ್ಲಿ ಬಿರುಕೇ ವಿನ್ಯಾಸ. ಬಹಳ ಕಾಲ ಕಾದು ಈ ಸಂದುಗಳು ಬೆಸೆದುಕೊಂಡರೆ ಲೇಪನ ಬಿಗಿಯಾಗುತ್ತದೆ, ತಣಿದಾಗ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಸಿಲಿಕಾನ್ ಕಾರ್ಬೈಡಿನ ಮೇಲಿನ ಲೇಪನದ ಕೆಲಸ ಇದಕ್ಕೆ ತದ್ವಿರುದ್ಧ: ಅದು ನೀರಾವಿಯನ್ನೂ ಆಮ್ಲಜನಕವನ್ನೂ ಒಳಗೆ ಬಿಡಬಾರದು, ಒಂದು ಸಂದೂ ಇರಬಾರದು. ಅದಕ್ಕಾಗಿ ಸಿಲಿಕಾನ್ ಕಾರ್ಬೈಡಿನಷ್ಟೇ ಹಿಗ್ಗುವ ಇಟರ್ಬಿಯಂ ಡೈಸಿಲಿಕೇಟ್‌ನಂಥ ವಸ್ತುವನ್ನು ಆಯುತ್ತಾರೆ. ಒಂದರಲ್ಲಿ ಬಿರುಕು ಮುಚ್ಚುವುದು ವರ, ಇನ್ನೊಂದರಲ್ಲಿ ಎಲ್ಲ ಬಿರುಕೂ ಮುಚ್ಚುವುದು ಕೇಡು. ಶಾಖತಡೆ ಲೇಪನದಲ್ಲಿ ಮಾಯಬೇಕಾದದ್ದು ಅಡ್ಡಕ್ಕೆ, ಲೋಹಕ್ಕೆ ಸಮಾನಾಂತರವಾಗಿ ಸಾಗಿ ಪದರವನ್ನೇ ಕಿತ್ತುಹಾಕುವ ಬಿರುಕು ಮಾತ್ರ. ಉದ್ದನೆಯ ಸಂದುಗಳನ್ನು ಮುಟ್ಟಬಾರದು. ಹಾಗಿರುವಾಗ ಬಿರುಕು ಮುಚ್ಚಿತು ಎಂಬ ಒಂದೇ ವಾಕ್ಯ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಯಾವ ಲೇಪನದ ಯಾವ ಬಿರುಕು ಎಂದು ಹೇಳಿದ ಮೇಲೆಯೇ ಅದು ಒಳಿತೋ ಕೆಡುಕೋ ಎಂದು ತಿಳಿಯುವುದು.

ಮುಚ್ಚುವುದೇ ಗುಣವಲ್ಲ ಎನ್ನುವುದಕ್ಕೆ ನಮ್ಮ ಮಣ್ಣಿನಲ್ಲೇ ಒಂದು ಪುರಾವೆ ಇದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲದ ಮಣ್ಣಿನಲ್ಲಿ ಸಿಲಿಕಾ, ಅಲ್ಯುಮಿನಾ ಇವೆ, ಮೆಗ್ನೀಸಿಯಾ ಇದೆ, ಅಲ್ಲಲ್ಲಿ ಸುಣ್ಣದ ಹರಳುಗಳೂ ಸೇರಿರುತ್ತವೆ. ಬೇಸಿಗೆಯ ಗಾಳಿಗೆ ಎದ್ದ ಇಂಥ ಧೂಳು ಯಾವುದೇ ಎಂಜಿನ್ನಿನೊಳಗೆ ಹೊಕ್ಕರೆ, ಈ ನಾಲ್ಕೂ ಕೂಡಿ ಸುಮಾರು 1200ರಿಂದ 1250 ಡಿಗ್ರಿಯಲ್ಲಿ ಗಾಜಿನಂತೆ ಕರಗುತ್ತವೆ. ಮರುಭೂಮಿಯ ಮರಳೂ ಜ್ವಾಲಾಮುಖಿಯ ಬೂದಿಯೂ ಮಾಡುವುದು ಇದನ್ನೇ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಉಗುಳಿದಾಗ ಯೂರೋಪಿನ ವಿಮಾನಗಳನ್ನು ದಿನಗಟ್ಟಲೆ ನೆಲದ ಮೇಲೆ ನಿಲ್ಲಿಸಿದ್ದಕ್ಕೆ ಈ ಭಯವೂ ಕಾರಣ. ಕರಗಿದ ಧೂಳು ಲೇಪನದ ಮೇಲೆ ಹರಡಿ ಸಂದುಗಳೊಳಗೆ ಇಳಿಯುತ್ತದೆ, ಬಿರುಕುಗಳನ್ನು ತುಂಬುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿರುಕು ಅಚ್ಚುಕಟ್ಟಾಗಿ ಮುಚ್ಚಿಯೇ ಇರುತ್ತದೆ. ತಣಿದಾಗ ಆ ಗಾಜು ಗಡಸಾಗಿ, ಲೇಪನದ ಮೇಲುಪದರವನ್ನೇ ಎತ್ತಿಕೊಂಡು ಉದುರುತ್ತದೆ. ಸಿಲಿಕೇಟ್ ಲೇಪನಗಳಲ್ಲಿ ಅದು ವಸ್ತುವಿನೊಂದಿಗೇ ಬೆರೆತು ಅದನ್ನು ಬೇರೊಂದು ಹರಳಾಗಿ ಮಾರ್ಪಡಿಸುತ್ತದೆ. ಔಷಧವಾಗಿ ಹುಟ್ಟಿದ ಸಿಲಿಕಾವಂತೂ ಆ ದ್ರವದಲ್ಲಿ ಸಲೀಸಾಗಿ ಕರಗಿಹೋಗುತ್ತದೆ. ಕೆಡಿಸುವ ವಸ್ತುವೂ ಬಿರುಕು ಮುಚ್ಚುತ್ತದೆ, ಕಾಯುವ ವಸ್ತುವೂ ಮುಚ್ಚುತ್ತದೆ ಎಂದಾದರೆ, ಮುಚ್ಚುವಿಕೆಯನ್ನು ಅಳತೆಗೋಲಾಗಿ ಹಿಡಿಯುವುದು ಹೇಗೆ?

ಎರಡನೇ ಗಂಟು, ಮಾಯುವ ಕ್ರಿಯೆ ಎಂದರೇನು ಎಂಬುದು. ಜೀವಿಯ ಗಾಯ ಮಾಯುವಂತೆ ಲೇಪನವೂ ಮಾಯುತ್ತದೆ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಆದರೆ ಜೀವಿಯ ಗಾಯಕ್ಕೆ ರಕ್ತ ಹೊಸ ಸಾಮಗ್ರಿಯನ್ನು ಹೊತ್ತು ತರುತ್ತದೆ, ಆ ಸಾಮಗ್ರಿ ದಿನನಿತ್ಯದ ಊಟದಿಂದ ಬರುತ್ತದೆ. ಲೇಪನಕ್ಕೆ ಊಟವಿಲ್ಲ; ಹಚ್ಚಿದ ದಿನ ಒಳಗಿಟ್ಟ ದಾಸ್ತಾನೇ ಕೊನೆಯವರೆಗೆ. ಇನ್ನೂ ಮುಖ್ಯವಾದದ್ದು, ಇಲ್ಲಿ ಮಾಯಿಸುವ ಕ್ರಿಯೆಯೂ ಕೆಡಿಸುವ ಕ್ರಿಯೆಯೂ ರಸಾಯನದ ದೃಷ್ಟಿಯಿಂದ ಒಂದೇ: ಆಮ್ಲಜನಕದೊಂದಿಗೆ ಬೆರೆತು ಆಕ್ಸೈಡ್ ಆಗುವುದು. ಇದು ಹೊಸ ಸಂಗತಿಯೂ ಅಲ್ಲ. ಲೋಹದ ಬ್ಲೇಡು ಮತ್ತು ಜಿರ್ಕೋನಿಯಾದ ನಡುವೆ ಅಲ್ಯುಮಿನಿಯಂ ಹೇರಳವಾಗಿರುವ ಒಂದು ಬಂಧಪದರವನ್ನು ದಶಕಗಳಿಂದ ಹಚ್ಚುತ್ತ ಬಂದಿದ್ದಾರೆ. ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಅಲ್ಯುಮಿನಾ ಪೊರೆ ತಾನಾಗಿ ಬೆಳೆಯುತ್ತದೆ. ಆ ಪೊರೆ ಬಿರಿದರೆ ಕೆಳಗಿನ ಅಲ್ಯುಮಿನಿಯಂ ಮೇಲೆ ಬಂದು ಹೊಸ ಪೊರೆ ಕಟ್ಟುತ್ತದೆ. ತಾನಾಗಿ ಮಾಯುವ ಲೇಪನ ಎಂಬ ಹೆಸರು ಬರುವ ಮೊದಲೇ ಅದು ಮಾಯುತ್ತಿತ್ತು. ಆದರೂ ಬ್ಲೇಡುಗಳು ಕೆಡುತ್ತಲೇ ಬಂದವು, ಏಕೆಂದರೆ ಪ್ರತಿ ದುರಸ್ತಿಗೂ ಅಲ್ಯುಮಿನಿಯಂ ಖರ್ಚಾಗುತ್ತದೆ. ಪೊರೆ ಬಿರಿಯದಿದ್ದರೂ ಅದು ನಿಧಾನವಾಗಿ ದಪ್ಪವಾಗುತ್ತ ಖರ್ಚು ಮಾಡುತ್ತಿರುತ್ತದೆ. ದಾಸ್ತಾನು ಒಂದು ಮಟ್ಟಕ್ಕಿಂತ ಇಳಿದ ಮೇಲೆ ಅಲ್ಯುಮಿನಾದ ಬದಲು ನಿಕ್ಕಲ್ಲಿನ ಆಕ್ಸೈಡುಗಳು ಬೇಗಬೇಗ ಬೆಳೆದು ಇಡೀ ಲೇಪನ ಎದ್ದುಬರುತ್ತದೆ. ಈ ಹಳೆಯ ಅನುಭವ ಕಣ್ಣೆದುರಿಗಿರುವಾಗ ಹೊಸ ಲೇಪನಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ ಎಂದು ನಂಬಲು ಕಾರಣವಿಲ್ಲ.

ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಒಂದು ಗಾತ್ರದ ಸಿಲಿಕಾನ್ ಕಾರ್ಬೈಡ್ ಆಕ್ಸೈಡ್ ಆದರೆ ಸುಮಾರು ಎರಡು ಗಾತ್ರದ ಸಿಲಿಕಾ ಆಗುತ್ತದೆ. ಅದರಲ್ಲಿ ಒಂದು ಪಾಲು ಕಣ ಮೊದಲಿದ್ದ ಜಾಗಕ್ಕೇ ಬೇಕು. ಬಿರುಕಿಗೆ ಸಿಗುವುದು ಉಳಿದ ಒಂದು ಪಾಲು. ಲೇಪನದ ಗಾತ್ರದಲ್ಲಿ ನೂರಕ್ಕೆ ಐದು ಪಾಲು ಈ ಕಣಗಳಿವೆ ಎನ್ನೋಣ. ಒಂದು ಮೈಕ್ರಾನ್ ಅಗಲದ ಬಿರುಕು ಪೂರ್ತಿ ತುಂಬಬೇಕಾದರೆ ಬಿರುಕಿನ ಎಡಕ್ಕೆ ಹತ್ತು ಮೈಕ್ರಾನ್, ಬಲಕ್ಕೆ ಹತ್ತು ಮೈಕ್ರಾನ್ ದೂರದವರೆಗಿನ ಕಣಗಳೆಲ್ಲ ಒಂದೂ ಉಳಿಯದೆ ಉರಿಯಬೇಕು. ಇದು ಅತ್ಯಂತ ಉದಾರವಾದ ಲೆಕ್ಕ. ಹುಟ್ಟಿದ ಸಿಲಿಕಾ ಎಲ್ಲವೂ ಬಿರುಕಿಗೇ ಹರಿದು ಬರುತ್ತದೆ ಎಂದು ಇದರಲ್ಲಿ ಒಪ್ಪಿಕೊಂಡಾಗಿದೆ. ಬಿರುಕು ಹತ್ತು ಮೈಕ್ರಾನ್ ಅಗಲವಾಗಿದ್ದರೆ ಎರಡೂ ಬದಿಗೆ ನೂರು ನೂರು ಮೈಕ್ರಾನ್ ಬೇಕು. ಅಷ್ಟು ದೂರದಿಂದ ಗಟ್ಟಿಯಾದ ಲೇಪನದೊಳಗೆ ಹಾದು ಸಿಲಿಕಾ ಬರುವುದಿಲ್ಲ; ಬಂದರೂ ಅದು ಪಕ್ಕದ ಬಿರುಕಿನ ಪಾಲಿನ ದಾಸ್ತಾನು. ಅದೇ ಜಾಗ ಎರಡನೇ ಸಲ ಬಿರಿದರೆ ಹತ್ತಿರದ ಕಣಗಳು ಖಾಲಿಯಾಗಿರುತ್ತವೆ. ಹಾಗಾದರೆ ಕಣಗಳ ಪಾಲನ್ನು ಇಪ್ಪತ್ತಕ್ಕೆ ಏರಿಸೋಣ ಎನ್ನಬಹುದು. ಏರಿಸಬಹುದು, ಆದರೆ ಅದಕ್ಕೂ ಬೆಲೆ ಇದೆ. ಸಿಲಿಕಾನ್ ಕಾರ್ಬೈಡ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನಿಲ ಹೊರಬೀಳುತ್ತದೆ, ಅದಕ್ಕೆ ದಾರಿ ಬೇಕು. ಉಬ್ಬುವ ವಸ್ತು ಹೆಚ್ಚಾದಷ್ಟೂ ಲೇಪನದೊಳಗಿನ ಒತ್ತಡ ಹೆಚ್ಚು. ಮಾಲಿಬ್ಡಿನಮ್ ಸಿಲಿಸೈಡ್ ಬಳಸಿದರೆ ಅದರ ಮಾಲಿಬ್ಡಿನಮ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಚಿಪ್ಪಿಲ್ಲದ ಕಣವಾದರೆ ಬಿರುಕೇ ಇಲ್ಲದ ಹೊತ್ತಿನಲ್ಲೂ ಸೋರಿ ಬಂದ ಆಮ್ಲಜನಕ ಅದನ್ನು ತಿನ್ನುತ್ತಿರುತ್ತದೆ, ಅಂದರೆ ಔಷಧ ಮೊದಲ ದಿನದಿಂದಲೇ ಖರ್ಚಾಗತೊಡಗುತ್ತದೆ. ಡೆಲ್ಫ್ಟಿನವರು ಚಿಪ್ಪು ತೊಡಿಸಿದ್ದು ಈ ಕಾರಣಕ್ಕೇ.

ಮೂರನೇ ಗಂಟು, ಮಾಯ್ದ ಜಾಗ ಎಷ್ಟು ದಿನ ಬಾಳುತ್ತದೆ ಎಂಬುದು. ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದು ತಿಳಿದಿದ್ದೇನೆ, ಸಾಮಾನ್ಯ ಬರಹಗಳು ಕೈಬಿಡುವುದೂ ಇದನ್ನೇ. ಪ್ರಯೋಗಶಾಲೆಯ ಬಹುಪಾಲು ಪ್ರಯೋಗಗಳು ನಡೆಯುವುದು ಒಣಗಾಳಿಯ ಕುಲುಮೆಯಲ್ಲಿ. ಎಂಜಿನ್ನಿನಲ್ಲಿ ಇಂಧನ ಉರಿದರೆ ನೀರಾವಿ ಹುಟ್ಟದೇ ಇರುವುದಿಲ್ಲ. ಉರಿದ ಅನಿಲದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ನೀರಾವಿ. ಒಣಗಾಳಿಯಲ್ಲಿ ಸಿಲಿಕಾ ಅತ್ಯುತ್ತಮ ಕವಚ. ಬಿಸಿ ನೀರಾವಿ ತಗುಲಿದರೆ ಅದೇ ಸಿಲಿಕಾ ಸಿಲಿಕಾನಿನ ಹೈಡ್ರಾಕ್ಸೈಡ್ ಅನಿಲವಾಗಿ ಹಾರಿಹೋಗುತ್ತದೆ. ಒಂದು ಕಡೆ ಸಿಲಿಕಾನ್ ಕಾರ್ಬೈಡ್ ಸಿಲಿಕಾ ಆಗುತ್ತದೆ, ಇನ್ನೊಂದು ಕಡೆ ಸಿಲಿಕಾ ಗಾಳಿಪಾಲಾಗುತ್ತದೆ, ಭಾಗದ ದಪ್ಪ ನಿಲ್ಲದೆ ಇಳಿಯುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಓಹಾಯೊ ಕೇಂದ್ರದ ಎಲಿಜಬೆತ್ ಒಪೈಲಾ, ನೇಥನ್ ಜೇಕಬ್‌ಸನ್, ಜೇಮ್ಸ್ ಸ್ಮಿಯಾಲೆಕ್ ಮುಂತಾದವರು 1990ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಕಾರ್ಖಾನೆಯ ಅನುಭವವೂ ಅದನ್ನೇ ಹೇಳಿತು. ಸೋಲಾರ್ ಟರ್ಬೈನ್ಸ್ ಕಂಪನಿ ಸೆಂಟಾರ್ ಟರ್ಬೈನಿನ ದಹನಕೋಣೆಗೆ ಸಿಲಿಕಾನ್ ಕಾರ್ಬೈಡಿನ ಒಳಗವಚ ಹಾಕಿ ಬಳಕೆದಾರರ ಕಾರ್ಖಾನೆಗಳಲ್ಲೇ ಓಡಿಸಿ ನೋಡಿತು. ರಕ್ಷಣಾ ಲೇಪನವಿಲ್ಲದ ಕವಚಗಳು ಸುಮಾರು 5,000 ಗಂಟೆಗೆ ಸೋತವು. ಲೇಪನ ಹಚ್ಚಿದವು ಸುಮಾರು 14,000 ಮತ್ತು 15,000 ಗಂಟೆ ತಾಳಿದವು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ನೀರಾವಿಗೆ ಸಿಲಿಕಾ ತಾಳುವುದಿಲ್ಲ ಎಂಬ ಕಾರಣಕ್ಕೇ ಈ ಲೇಪನ ಹುಟ್ಟಿದ್ದು. ಆ ಲೇಪನದ ಬಿರುಕನ್ನು ಮಾಯಿಸಲು ನಾವು ತರುವ ಔಷಧ ಮತ್ತೆ ಅದೇ ಸಿಲಿಕಾ. ಬಿರುಕಿನ ಬಾಯಿಯಲ್ಲಿ ಕೂತ ಸಿಲಿಕಾ ವೇಗವಾಗಿ ಹರಿಯುವ ಅನಿಲಕ್ಕೆ ಮೈಯೊಡ್ಡಿದ ಕೂಡಲೇ ಸವೆಯತೊಡಗುತ್ತದೆ. ಇದಕ್ಕೆ ಒಳ್ಳೆಯ ಉತ್ತರವೂ ಇದೆ. ಇಟರ್ಬಿಯಂ ಮೊನೊಸಿಲಿಕೇಟ್ ಪಕ್ಕದಲ್ಲಿದ್ದರೆ ಹುಟ್ಟಿದ ಸಿಲಿಕಾವನ್ನು ಹೀರಿಕೊಂಡು ಡೈಸಿಲಿಕೇಟ್ ಆಗುತ್ತದೆ, ಅದು ಬರಿಯ ಸಿಲಿಕಾಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ. ಈ ದಾರಿಯಲ್ಲಿ ನನಗೆ ನಿಜವಾದ ಭರವಸೆ ಇದೆ. ಆದರೆ ಈ ಬದಲಾವಣೆಗೆ ಹೊತ್ತು ಬೇಕು, ಶಾಖ ಬೇಕು.

ಆ ಹೊತ್ತು, ಆ ಶಾಖ ಸಿಗುವುದು ಯಾವಾಗ ಎಂದು ಕೇಳಿದರೆ ಇನ್ನೊಂದು ತೊಡಕು ಕಾಣುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಎಂಜಿನ್ನು ನಿಲ್ಲಿಸಿ ತಣಿಯುವಾಗ. ಪದರಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದು ಆಗಲೇ. ಲೇಪನದ ಕೆಳಗೆ ಬೆಳೆದ ಸಿಲಿಕಾ ಹರಳುಗಟ್ಟಿದ್ದರೆ ಅದು 250 ಡಿಗ್ರಿಯ ಆಸುಪಾಸಿನಲ್ಲಿ ರೂಪ ಬದಲಿಸಿ ಗಾತ್ರದಲ್ಲಿ ನೂರಕ್ಕೆ ನಾಲ್ಕೈದು ಪಾಲು ಕುಗ್ಗಿ ತಾನೇ ಬಿರಿಯುತ್ತದೆ. ಮಾಯಿಸಲೆಂದು ಹುಟ್ಟಿದ ಸಿಲಿಕಾಕ್ಕೂ ಇದು ತಪ್ಪಿದ್ದಲ್ಲ. ಮಾಯುವ ಶಾಖ ಬರುವುದು ಮುಂದಿನ ಹಾರಾಟ ಶುರುವಾಗಿ ಆ ಭಾಗ ಸಾವಿರ ಡಿಗ್ರಿ ದಾಟಿದ ಮೇಲೆ. ನಡುವಿನ ಏಳೆಂಟು ನೂರು ಡಿಗ್ರಿಯ ಅವಧಿಯಲ್ಲಿ ಬಿರುಕು ತೆರೆದೇ ಇರುತ್ತದೆ, ಆಮ್ಲಜನಕ ಒಳಗೆ ಹೋಗಿ ಎಳೆಗಳಿಗೆ ಸುತ್ತಿದ ಬೋರಾನ್ ನೈಟ್ರೈಡಿನ ತೆಳು ಪೊರೆಯನ್ನು ತಿನ್ನುತ್ತದೆ, ಮುಚ್ಚಬೇಕಾದ ಸಿಲಿಕಾ ಮಾತ್ರ ಇನ್ನೂ ಹರಿಯುವ ಸ್ಥಿತಿಗೆ ಬಂದಿರುವುದಿಲ್ಲ. ಬೋರಾನ್ ಬೆರೆಸಿದರೆ ಕಡಿಮೆ ಶಾಖಕ್ಕೇ ಹರಿಯುವ ಗಾಜು ಸಿಗುತ್ತದೆ, ಬೋರಾನ್ ಆಕ್ಸೈಡ್ ಸುಮಾರು 450 ಡಿಗ್ರಿಗೇ ಕರಗುತ್ತದೆ. ಆದರೆ ನೀರಾವಿ ಅದನ್ನು ಸಿಲಿಕಾಕ್ಕಿಂತ ಬೇಗ ಹಾರಿಸಿಕೊಂಡು ಹೋಗುತ್ತದೆ. ದಿನಕ್ಕೆ ಆರೇಳು ಸಲ ಏರಿ ಇಳಿಯುವ ಚಿಕ್ಕ ದೂರದ ವಿಮಾನಕ್ಕೂ ತಿಂಗಳುಗಟ್ಟಲೆ ನಿಲ್ಲದೆ ಓಡುವ ವಿದ್ಯುತ್ ಕೇಂದ್ರದ ಟರ್ಬೈನಿಗೂ ಒಂದೇ ಲೇಪನವನ್ನು ಶಿಫಾರಸು ಮಾಡುವವರು ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ತಾನಾಗಿ ಮಾಯುವ ವಸ್ತುವನ್ನು ನಮ್ಮ ನಾಡು ನೂರಾರು ವರ್ಷ ಬಳಸಿದೆ, ಆದ್ದರಿಂದ ಅದು ಎಲ್ಲಿ ಗೆದ್ದಿತು ಎಲ್ಲಿ ಸೋತಿತು ಎಂದು ನೋಡಲು ಕಿತ್ತೂರಿಗೆ ಹೋದರೆ ಸಾಕು. ಸುಣ್ಣದ ಗಾರೆ ಅಂಥ ವಸ್ತು. ಗಾರೆಯಲ್ಲಿ ಇನ್ನೂ ಗಾಳಿಯೊಂದಿಗೆ ಕೂಡಿ ಕಲ್ಲಾಗದ ಸುಣ್ಣ ಒಂದಷ್ಟು ಉಳಿದಿರುತ್ತದೆ. ಕೂದಲೆಳೆಯ ಬಿರುಕಿಗೆ ಮಳೆನೀರು ಇಳಿದಾಗ ಆ ಸುಣ್ಣ ಕರಗಿ ಬಿರುಕಿನೊಳಕ್ಕೆ ಬರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣಕಲ್ಲಾಗಿ ಅಲ್ಲೇ ಕೂರುತ್ತದೆ. ಹಳೆಯ ಗಿಲಾವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಬೂದುಬಣ್ಣದ ನಡುವೆ ಸೂಜಿಗಿಂತ ತೆಳ್ಳಗಿನ ಬಿಳಿಗೆರೆಗಳು ಕಾಣುತ್ತವೆ. ಅವು ಮಾಯ್ದ ಬಿರುಕುಗಳು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಯುದ್ಧವನ್ನು, ಅದೇ ವರ್ಷದ ಡಿಸೆಂಬರಿನ ಎರಡನೇ ಯುದ್ಧವನ್ನು ಕಂಡ ಕೋಟೆ ಕಿತ್ತೂರಿನದು. ಅಲ್ಲಿನ ಅರಮನೆಯ ದಪ್ಪ ಗೋಡೆಗಳು ಇಂದು ಸೂರಿಲ್ಲದೆ ನಿಂತಿವೆ. ಯುದ್ಧ ಒಂದು ಕಾರಣ, ಆಮೇಲಿನ ಅನಾದರ ಇನ್ನೊಂದು. ಗಾರೆಯ ಮಾಯುವ ಗುಣ ಆ ಎರಡನ್ನೂ ಸರಿದೂಗಿಸಲಾರದೆ ಹೋಯಿತು. ಸೂರಿದ್ದಾಗ ಬಿರುಕಿಗೆ ಬರುವುದು ಅಷ್ಟಿಷ್ಟು ತೇವ, ಅದು ಸುಣ್ಣವನ್ನು ಕರಗಿಸಿ ಕೂರಿಸುತ್ತದೆ. ಸೂರು ಹೋದ ಮೇಲೆ ಸುರಿಯುವ ಮಳೆ ಅದೇ ಸುಣ್ಣವನ್ನು ಕರಗಿಸಿ ತೊಳೆದುಕೊಂಡು ಹೋಗುತ್ತದೆ. ಔಷಧವನ್ನು ಚಾಲೂ ಮಾಡುವ ನೀರೇ ಪ್ರಮಾಣ ಮೀರಿದಾಗ ಔಷಧವನ್ನು ಒಯ್ಯುತ್ತದೆ. ಆಕ್ಸೈಡ್ ಆಗಿ ಕಾಯುವ ಸಿಲಿಕಾವನ್ನು ನೀರಾವಿ ಒಯ್ಯುವುದೂ ಇದೇ ತರ್ಕದ್ದು. ಇನ್ನೊಂದನ್ನೂ ಗಮನಿಸಬೇಕು: ಜನ ವಾಸವಿದ್ದ ಗಾರೆಮನೆಗಳು ತಲೆತಲಾಂತರ ಬಾಳಿದ್ದು ಹಬ್ಬ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುತ್ತಿದ್ದುದರಿಂದಲೂ ಹೌದು. ಬಳಿದ ಸುಣ್ಣ ಚೆಂದಕ್ಕೂ ಆಯಿತು, ಬಿರುಕಿನ ಬಾಯಿಗೆ ಹೊಸ ದಾಸ್ತಾನೂ ಆಯಿತು. ತಾನಾಗಿ ಮಾಯುತ್ತದೆ ಎಂದು ಯಾರೂ ಬಳಿಯುವುದನ್ನು ಬಿಡಲಿಲ್ಲ.

ಆಕ್ಷೇಪಗಳನ್ನು ಪರಿಶೀಲಿಸೋಣ. ಮೊದಲನೆಯದು: ಒಂದೇ ಜಾಗ ಹಲವು ಸಲ ಮಾಯುವುದನ್ನು ತೋರಿಸಿದ್ದಾರಲ್ಲ? ತೋರಿಸಿದ್ದಾರೆ. ಟೈಟೇನಿಯಂ, ಅಲ್ಯುಮಿನಿಯಂ, ಕಾರ್ಬನ್ ಕೂಡಿದ ಒಂದು ಪದರುಪದರಾದ ಸೆರಾಮಿಕ್ ಮತ್ತೆ ಮತ್ತೆ ಬಿರಿದು ಮತ್ತೆ ಮತ್ತೆ ಮಾಯುವುದನ್ನು ಡೆಲ್ಫ್ಟಿನ ಸಂಶೋಧಕರು ಎಕ್ಸ್-ರೇ ಚಿತ್ರಗಳಲ್ಲೇ ಹಿಡಿದಿದ್ದಾರೆ. ಅಲ್ಲಿ ಇಡೀ ವಸ್ತುವೇ ಅಲ್ಯುಮಿನಿಯಂನ ದಾಸ್ತಾನು, ಆದ್ದರಿಂದ ಅದು ಬೇಗ ಬತ್ತುವುದಿಲ್ಲ. ನೂರಾರು ಮೈಕ್ರಾನ್ ದಪ್ಪದ ಲೇಪನದೊಳಗೆ ಅಲ್ಪ ಪಾಲು ಕಣ ಬೆರೆಸಿದಾಗ ಅಷ್ಟು ದೊಡ್ಡ ದಾಸ್ತಾನು ಇರುವುದಿಲ್ಲ. ಎರಡನೆಯದು: ಪೂರ್ತಿ ಮಾಯದಿದ್ದರೇನು, ಅರ್ಧ ಮಾಯ್ದರೂ ಲಾಭವೇ ಅಲ್ಲವೇ? ಖಂಡಿತ ಲಾಭ. ಲೇಪನ ಹತ್ತು ಸಾವಿರ ಗಂಟೆ ಬಾಳುವಲ್ಲಿ ಹದಿನೈದು ಸಾವಿರ ಬಾಳಿದರೆ ಹಣ ಉಳಿಯುತ್ತದೆ. ನಾನು ಹೇಳುತ್ತಿರುವುದು ಇದನ್ನು ಆಯುಸ್ಸು ಹೆಚ್ಚಿಸುವ ಉಪಾಯವೆಂದೇ ಕರೆಯಿರಿ, ಆಯುಸ್ಸಿನ ಲೆಕ್ಕ ಬಿಡುವ ಉಪಾಯವೆಂದು ಕರೆಯಬೇಡಿ ಎಂದು. ಮೂರನೆಯ ಆಕ್ಷೇಪ ಹೆಚ್ಚು ಗಂಭೀರ: ತಪಾಸಣೆ ದುಬಾರಿ, ಎಂಜಿನ್ನು ಬಿಚ್ಚುವುದರಿಂದಲೇ ಹೊಸ ತಪ್ಪುಗಳು ಹುಟ್ಟುತ್ತವೆ, ಆದ್ದರಿಂದ ಮಾಯುವ ಲೇಪನ ಇದ್ದರೆ ತಪಾಸಣೆಯ ಅಂತರ ಹೆಚ್ಚಿಸುವುದೇ ಸುರಕ್ಷಿತ. ಇದಕ್ಕೆ ಉತ್ತರ ಬಿರುಕು ಹೇಗೆ ಮುಚ್ಚುತ್ತದೆ ಎಂಬುದರಲ್ಲಿದೆ. ಆಮ್ಲಜನಕ ಹೇರಳವಾಗಿ ಸಿಗುವುದು ಬಿರುಕಿನ ಬಾಯಲ್ಲಿ, ಆದ್ದರಿಂದ ಮೊದಲು ಮುಚ್ಚುವುದು ಬಾಯಿ. ಆಳದಲ್ಲಿ ಬಿರುಕು ತೆರೆದೇ ಉಳಿಯಬಹುದು. ಎಂಜಿನ್ನಿನೊಳಕ್ಕೆ ಕ್ಯಾಮೆರಾದ ಕೊಳವೆ ಇಳಿಸಿ ನೋಡುವವರಿಗೆ, ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕುವವರಿಗೆ ಅಂಥ ಬಿರುಕು ಸಿಗುವುದೇ ಇಲ್ಲ. ಮಾಯದ ಲೇಪನ ತನ್ನ ದೋಷವನ್ನು ಮೇಲೆ ತೋರಿಸುತ್ತದೆ, ಅರ್ಧ ಮಾಯ್ದದ್ದು ಒಳಗಿಟ್ಟುಕೊಳ್ಳುತ್ತದೆ. ಹಾಗಾಗಿ ತಪಾಸಣೆಯನ್ನು ಕಡಿಮೆ ಮಾಡುವ ಮೊದಲು ಬೇರೆ ಬಗೆಯ ತಪಾಸಣೆಯನ್ನು ಕಂಡುಹಿಡಿಯಬೇಕು.

ಆದ್ದರಿಂದ ತಾನಾಗಿ ಮಾಯುವ ಲೇಪನ ಎಂದು ಯಾರೇ ಮುಂದಿಟ್ಟರೂ, ಅದು ವಿದ್ಯಾರ್ಥಿಯ ವರದಿಯಿರಲಿ, ದೊಡ್ಡ ಪ್ರಯೋಗಶಾಲೆಯ ಪ್ರಕಟಣೆಯಿರಲಿ, ನಾಲ್ಕು ವಿವರಗಳನ್ನು ಕೇಳಿ ಪಡೆಯಬೇಕು:

1. ಮಾಯುವ ಬಿರುಕಿನ ಗರಿಷ್ಠ ಅಗಲ ಎಷ್ಟು, ಅದರ ದಿಕ್ಕು ಯಾವುದು.

2. ಪ್ರಯೋಗ ನಡೆದದ್ದು ಒಣಗಾಳಿಯಲ್ಲೋ, ಹರಿಯುವ ನೀರಾವಿಯಲ್ಲೋ.

3. ಒಂದೇ ಜಾಗ ಎಷ್ಟು ಸಲ ಬಿರಿದು ಮಾಯ್ದ ಮೇಲೆ ಔಷಧ ತೀರಿತು. ತೀರುವವರೆಗೆ ಪ್ರಯೋಗ ನಡೆಸದಿದ್ದರೆ ಆ ಸಂಖ್ಯೆಯೇ ಇಲ್ಲವೆಂದು ಬರೆಯಬೇಕು.

4. ಉಳಿದಿರುವ ದಾಸ್ತಾನನ್ನು ಭಾಗವನ್ನು ಕತ್ತರಿಸದೆ ಅಳೆಯಲು ಬರುತ್ತದೆಯೇ.

ನಾಲ್ಕನೆಯದು ಅಸಾಧ್ಯದ ಬೇಡಿಕೆಯಲ್ಲ. ಲೋಹದ ಬ್ಲೇಡಿನ ಬಂಧಪದರದ ಮೇಲೆ ಬೆಳೆಯುವ ಅಲ್ಯುಮಿನಾದಲ್ಲಿ ಕ್ರೋಮಿಯಂ ಸ್ವಲ್ಪ ಬೆರೆತಿರುತ್ತದೆ. ಮಾಣಿಕ್ಯಕ್ಕೆ ಕೆಂಪು ಕೊಡುವುದೂ ಅದೇ ಕ್ರೋಮಿಯಂ. ಲೇಸರ್ ಬಿಟ್ಟರೆ ಜಿರ್ಕೋನಿಯಾದ ಮೂಲಕವೇ ಆ ಪೊರೆ ಕೆಂಪಗೆ ಹೊಳೆಯುತ್ತದೆ. ಹೊಳಪಿನ ತರಂಗಾಂತರ ಎಷ್ಟು ಸರಿದಿದೆ ಎಂದು ಅಳೆದರೆ ಪೊರೆಯೊಳಗಿನ ಒತ್ತಡ ಎಷ್ಟಿದೆ, ಅದು ಎಲ್ಲಿ ಅಂಟು ಬಿಡುತ್ತಿದೆ ಎಂದು ಬ್ಲೇಡನ್ನು ಕೆಡಿಸದೆಯೇ ತಿಳಿಯುತ್ತದೆ. ದಾಸ್ತಾನನ್ನೇ ನೇರವಾಗಿ ಅಳೆಯದಿದ್ದರೂ ಲೋಹದ ಬ್ಲೇಡಿಗೆ ಇಷ್ಟಾದರೂ ಸಾಧ್ಯವಾಗಿದೆ. ಸಿಲಿಕಾನ್ ಕಾರ್ಬೈಡಿನ ಮೇಲಿನ ಲೇಪನಗಳಲ್ಲಿ ಎಷ್ಟು ಕಣ ಇನ್ನೂ ಉರಿಯದೆ ಉಳಿದಿದೆ ಎಂದು ಇಷ್ಟೇ ನಂಬಿಕೆಯಿಂದ ಹೊರಗಿನಿಂದ ಅಳೆಯುವ ಉಪಾಯ ಕಟ್ಟುವುದು, ಇನ್ನೊಂದು ಹೊಸ ಔಷಧದ ಕಣ ಬೆರೆಸಿ ಒಣಗಾಳಿಯ ಕುಲುಮೆಯಲ್ಲಿ ಒಂದು ಗಂಟೆ ಇಟ್ಟು ಚಿತ್ರ ತೆಗೆಯುವುದಕ್ಕಿಂತ ಹೆಚ್ಚು ಬೆಲೆಯ ಕೆಲಸ. ಬೆಳಗಾವಿ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು ಈ ಪ್ರಶ್ನೆಯನ್ನು ಕೊಡಬಹುದು. ಅದಕ್ಕೆ ಟರ್ಬೈನೇ ಬೇಕೆಂದಿಲ್ಲ, ಒಂದು ಕುಲುಮೆ, ನೀರಾವಿ ಹಾಯಿಸುವ ವ್ಯವಸ್ಥೆ ಮತ್ತು ಒಂದು ಸ್ಪೆಕ್ಟ್ರೋಮೀಟರ್ ಇದ್ದರೆ ಶುರು ಮಾಡಬಹುದು.